ಕಾರ್ಟೂನ್ ಅಂದ್ರೆ ಅತಿ ಮಾಡೋದೇ ಅಲ್ವಾ?

ಕಾರ್ಟೂನ್ ಪಾತ್ರಗಳ ಚಿತ್ರ ಬರೆಯುವುದು ನನ್ನ ಕೆಲಸ. "ಮೂಗು ಉದ್ದ ಮಾಡಿದ್ರೆ ತಪ್ಪು, ಬಣ್ಣ ಕಪ್ಪು ಮಾಡಿದ್ರೆ ತಪ್ಪು ಅಂತೀರಿ. ಕಾರ್ಟೂನ್ ಅಂದ್ರೆ ಅತಿ ಮಾಡೋದೇ ಅಲ್ವಾ? ಸುಮ್ನೆ ನೋಡಿ ನಗಬಾರದಾ?" ಅಂತ ಆಗಾಗ ಕೇಳುತ್ತಾರೆ.

ಅತಿ ಮಾಡುವುದಕ್ಕೆ ನನ್ನ ತಕರಾರಿಲ್ಲ. ಅದಿಲ್ಲದಿದ್ದರೆ ಕಾರ್ಟೂನೇ ಇಲ್ಲ. ನಾನು ನೋಡುವುದು ಇಷ್ಟೇ: ಒಂದೇ ಊರಿನ ಜನರಲ್ಲಿ ಯಾರಿಗೆ ಅತಿ ಮಾಡಿದ್ದಾರೆ, ಯಾರನ್ನು ಬಿಟ್ಟಿದ್ದಾರೆ?

ಡಿಸ್ನಿಯ 1992ರ ಕಾರ್ಟೂನ್ ಸಿನಿಮಾ ‘ಅಲ್ಲಾದೀನ್’ ತಗೊಳ್ಳಿ. ಎಲ್ಲರೂ ಅಗ್ರಬಾ ಊರಿನವರೇ. ಅಲ್ಲಾದೀನನ ಮುಖಕ್ಕೆ ಚಿತ್ರಕಾರರು ಹಾಲಿವುಡ್‌ನ ಟಾಮ್ ಕ್ರೂಸ್‌ನನ್ನು ನೋಡಿಕೊಂಡರು. ಗಡ್ಡವಿಲ್ಲ, ಚಿಕ್ಕ ಮೂಗು, ಅಮೆರಿಕದ ಹುಡುಗರ ಮಾತು. ಖಳ ಜಾಫರ್‌ಗೆ ಉದ್ದ ಮೂಗು, ಸುತ್ತಿಕೊಂಡ ಗಡ್ಡ. ಕಾವಲುಗಾರರಿಗೆ ದಪ್ಪ ಮೂಗು, ಕತ್ತಿ, ಅರಬ್ ಧಾಟಿಯ ಒರಟು ಇಂಗ್ಲಿಷ್. ಅಂದರೆ ಒಳ್ಳೆಯವನಾಗಬೇಕಾದರೆ ಅರಬ್ ಚಹರೆ ಕಳಚಿಡಬೇಕು, ಕೆಟ್ಟವನಾದರೆ ಎರಡರಷ್ಟು ಹೊರಬೇಕು. ಮುಖ ಹಿಡಿಸದಿದ್ದರೆ ಕಿವಿ ಕತ್ತರಿಸುವ ಊರು ಅಂತ ಮೊದಲ ಹಾಡಿನಲ್ಲೇ ಒಂದು ಸಾಲಿತ್ತು. ಅಮೆರಿಕದ ಅರಬ್ ಸಂಘಟನೆಯೊಂದು ಪ್ರತಿಭಟಿಸಿದ ಮೇಲೆ 1993ರ ವಿಡಿಯೊದಲ್ಲಿ ಅದನ್ನು ಬದಲಿಸಿದರು. ಆ ಊರನ್ನು ಅನಾಗರಿಕ ಅನ್ನುವ ಮುಂದಿನ ಸಾಲು ಹಾಗೇ ಉಳಿಯಿತು. ಮೂಗುಗಳೂ ಉಳಿದವು. ಇದನ್ನು ನೋಡುವ ಅರಬ್ ಮಗುವಿಗೆ ತನ್ನ ಅಪ್ಪನ ಮೂಗು ಕಾಣಿಸುವುದು ಕೆಟ್ಟವರ ಮುಖದಲ್ಲಿ. ನನಗೆ ತಡೆಯಲಾಗದ್ದು ಇದು.

ನಮ್ಮ ಸಿನಿಮಾಗಳೂ ಇದನ್ನೇ ಮಾಡಿವೆ. ಹೀರೊಗೆ ಬೆಂಗಳೂರು-ಮೈಸೂರು ಕಡೆಯ ಕನ್ನಡ. ಧಾರವಾಡದ, ಮಂಗಳೂರಿನ ಕನ್ನಡ ಎಷ್ಟೋ ಸಲ ನಗಿಸುವವನ ಪಾಲಿಗೆ. ಆ ಕಡೆಯವರನ್ನು ಕೇಳಿ ನೋಡಿ, ಎಷ್ಟು ಚುಚ್ಚುತ್ತದೆ ಅಂತ ಹೇಳುತ್ತಾರೆ.

ಹಾಗಾದರೆ ಖಳನನ್ನು ಬರೆಯೋದು ಹೇಗೆ? ಡಿಸ್ನಿಯದೇ ಕಂಪನಿ ಪಿಕ್ಸರ್‌ನ ‘ಕೋಕೊ’ (2017) ನೋಡಿ, ಮೆಕ್ಸಿಕೊದ ಒಂದು ಮನೆಯವರ ಕತೆ. ಈ ಸಿನಿಮಾಕ್ಕಾಗಿ 2013ರಲ್ಲಿ ಡಿಸ್ನಿ ಮೆಕ್ಸಿಕೊದವರ ಹಿರಿಯರ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಹೊರಟಿತ್ತು. ಜನ ರೇಗಿದರು, ಡಿಸ್ನಿ ಕೈಬಿಟ್ಟಿತು. ಆಗ ವ್ಯಂಗ್ಯಚಿತ್ರ ಬರೆದು ಜಾಡಿಸಿದ್ದ ಲಾಲೊ ಅಲ್ಕರಾಜ್ ಅವರನ್ನೇ ಆಮೇಲೆ ಸಲಹೆಗಾರರಾಗಿ ಕರೆದರು. ಸಿನಿಮಾದಲ್ಲಿ ಅತಿ ಬೇಕಾದಷ್ಟಿದೆ, ಅಜ್ಜಿ ಚಪ್ಪಲಿ ಹಿಡಿದೇ ಮಾತಾಡುತ್ತಾಳೆ. ಆದರೆ ನಾಯಕ ಮಿಗೆಲ್ ತನ್ನ ಮನೆಯವರ ಹಾಗೇ ಇದ್ದಾನೆ. ಖಳ ಅರ್ನೆಸ್ಟೊ ಬಿಳಿ ಸೂಟು ತೊಟ್ಟ ಚೆಂದದ ಗಾಯಕ. ಅವನು ಕೆಟ್ಟವನಾಗುವುದು ಗೆಳೆಯನ ಹಾಡು ಕದ್ದದ್ದರಿಂದ.