ಪೀಕ್ ಎಲ್ಲಿಗೆ ಹೋಯಿತು?

ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲಿ ಪ್ರಾಜೆಕ್ಟ್ ವೈವಾ ಇಡಬೇಡಿ ಅಂತ ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷ ಮಿನಿಟ್ಸ್‌ನಲ್ಲಿ ಬರೆದುಕೊಳ್ಳುತ್ತಾರೆ, ಅಷ್ಟೇ. ಈ ಸಲ ಲ್ಯಾಬ್‌ನ ಎಸಿಯನ್ನೂ ಬಿಚ್ಚಿ ಮೇಲಿನವರ ಚೇಂಬರ್‌ಗೆ ಹಾಕಿದ್ದರು.

ನಾನು ಗೈಡ್ ಆಗಿದ್ದ ಬ್ಯಾಚ್‌ನ ಪ್ರಾಜೆಕ್ಟ್ ಅಕೌಸ್ಟಿಕ್ ಕ್ರಿಸ್ಟಲ್, ಅಂದರೆ ಸದ್ದು ಹರಿಯಲು ಒಂದೇ ಮಾದರಿ ಮತ್ತೆ ಮತ್ತೆ ಬರುವಂತೆ ಜೋಡಿಸಿದ ಸಾಲು. 3ಡಿ ಪ್ರಿಂಟ್ ಮಾಡಿದ ಹತ್ತು ಡಬ್ಬಿಗಳ ಸಾಲು, ಒಳಗೆ 8 ಸೆಂ.ಮೀ. ಎತ್ತರ. ಡಬ್ಬಿಗಳ ನಡುವೆ ಒಂದು ಸಣ್ಣ ಕೊಳವೆ, ಆಮೇಲೆ ಒಂದು ದಪ್ಪ ಕೊಳವೆ, ಮತ್ತೆ ಸಣ್ಣದು. ಸು, ಶ್ರೀಫರ್, ಹೀಗರ್ ಎಂಬ ಮೂವರು ಭೌತವಿಜ್ಞಾನಿಗಳು 1979ರಲ್ಲಿ ಪಾಲಿಅಸಿಟಿಲೀನ್ ಎಂಬ ಪಾಲಿಮರ್‌ಗೆ ಬರೆದ ಮಾಡೆಲ್ಲೇ ಇದು, ಎಲೆಕ್ಟ್ರಾನ್ ಜಾಗದಲ್ಲಿ ಸದ್ದು. ಸಾಲು ಸಣ್ಣ ಕೊಳವೆಯಿಂದ ಶುರುವಾದರೆ ಗ್ಯಾಪ್ (ಸದ್ದು ಸಾಲಿನೊಳಗೆ ಹರಿಯಲಾಗದ ಫ್ರೀಕ್ವೆನ್ಸಿಗಳ ಪಟ್ಟಿ) ನಡುವೆ ಎಡ್ಜ್ ಸ್ಟೇಟ್, ಅಂದರೆ ತುದಿಗೆ ಅಂಟಿಕೊಂಡ ಕಂಪನ, ಸಿಗುತ್ತದೆ. ಸದ್ದು ತುದಿಯ ಡಬ್ಬಿಯಲ್ಲೇ ಜೋರು, ಒಳಗೆ ಹೋದಂತೆ ಸಾಯುತ್ತದೆ. ಫೆಬ್ರವರಿಯಲ್ಲಿ ಎಸಿ 20ಕ್ಕೆ ಇಟ್ಟು ನೋಡಿದಾಗ 2,140 ಹರ್ಟ್ಸ್ ಹತ್ತಿರ ತುದಿಯ ಡಬ್ಬಿಯಲ್ಲಿ ಸದ್ದು ಜೋರಾಗಿ ಚೆಂದದ ಪೀಕ್ ಬಂದಿತ್ತು. ರಿಪೋರ್ಟ್‌ನಲ್ಲಿ ದಪ್ಪಕ್ಷರದಲ್ಲಿ ‘ರೋಬಸ್ಟ್’, ಅಂದರೆ ಏನಾದರೂ ಅಲುಗಾಡುವುದಿಲ್ಲ, ಅಂತ ಹಾಕಿದ್ದೆವು.

ವೈವಾದಲ್ಲಿ ಅದೇ ನಂಬರ್ ಒತ್ತಿದೆವು. ತುದಿಯ ಡಬ್ಬಿಯ ಮೈಕ್‌ನಲ್ಲಿ ಏನೂ ಇಲ್ಲ. ಆಸಿಲೋಸ್ಕೋಪ್ ಪರದೆ ಮೇಲೆ ಬರೀ ಹುಲ್ಲಿನಂಥ ನಾಯ್ಸ್.

ಸ್ಪೀಕರ್ ಓಡಿಸುವ ಆ ಪವರ್ ಆಂಪ್ ಮೇಲೆ ನನಗೆ ಹಳೇ ಸಿಟ್ಟು. ಬಿಎನ್‌ಸಿ ಕೇಬಲ್ ಬದಲಾಯಿಸಿದೆ. ಸ್ಪೀಕರ್ ಬದಲಾಯಿಸಿದೆ. ಆಂಪ್ ಮೇಲೆ ಎರಡು ಬಡಿದೆ. ಬೆವರು ಕೀಬೋರ್ಡ್ ಮೇಲೆ ತೊಟ್ಟಿಕ್ಕುತ್ತಿತ್ತು. ಎಚ್‌ಓಡಿ ಗಡಿಯಾರ ನೋಡುತ್ತಿದ್ದರು. ಪಕ್ಕದಲ್ಲಿ ನಿಂತ ಹುಡುಗಿ, ‘ಸರ್, ಸಿಮ್ಯುಲೇಷನ್‌ನಲ್ಲಿ...’ ಅಂದಳು. ‘ಸುಮ್ನಿರಮ್ಮ, ಹಾರ್ಡ್‌ವೇರ್ ಪ್ರಾಬ್ಲಂ ಇದು’ ಅಂದೆ. ಮತ್ತೆ ಶುರು ಮಾಡಿದಳು. ಮತ್ತೆ ಸುಮ್ಮನಿರಿಸಿದೆ.

ಹೊರಗಿನಿಂದ ಬಂದ ಪರೀಕ್ಷಕರು, ಅಂದರೆ ಎಕ್ಸ್‌ಟರ್ನಲ್, ಬೀಸಣಿಗೆ ಮಾಡಿಕೊಂಡಿದ್ದ ನಮ್ಮದೇ ರಿಪೋರ್ಟನ್ನು ಕೆಳಗಿಟ್ಟು ಕೇಳಿದರು: ‘ಹೇಳಮ್ಮ, ಏನು?’

‘ಸರ್, ಸಿಮ್ಯುಲೇಷನ್‌ನಲ್ಲಿ 20 ಡಿಗ್ರಿ ಅಂತ ಕೊಟ್ಟಿದ್ವಿ. ಇಲ್ಲಿ 41 ಇದೆ.’

20 ಡಿಗ್ರಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. 41ರಲ್ಲಿ ಸುಮಾರು 355. ಡಬ್ಬಿ ಅಷ್ಟೇ ಉದ್ದ, ಹಾಗಾಗಿ ಫ್ರೀಕ್ವೆನ್ಸಿ ಏರಲೇಬೇಕು. ಅವಳೇ ನಾಬ್ ತಿರುಗಿಸಿದಳು. 2,220 ಹತ್ತಿರ ಪೀಕ್ ಎದ್ದು ನಿಂತಿತು, ತುದಿಯಲ್ಲೇ. ಗ್ಯಾಪ್ ಸಮೇತ ಇಡೀ ಮನೆಯೇ ಮೇಲಕ್ಕೆ ಹೋಗಿತ್ತು, ನಾವು ಹಳೇ ವಿಳಾಸದಲ್ಲಿ ಬಾಗಿಲು ಬಡಿಯುತ್ತಿದ್ದೆವು.

ಎಕ್ಸ್‌ಟರ್ನಲ್ ಅಷ್ಟಕ್ಕೇ ಬಿಡಲಿಲ್ಲ. ಎಂ-ಸೀಲ್ ಕೇಳಿ ತರಿಸಿಕೊಂಡು ನಡುವಿನ ಒಂದು ಕೊಳವೆಯನ್ನು ಸ್ವಲ್ಪ ಕಿರಿದು ಮಾಡಿದರು. ಪೀಕ್ ಹೆಚ್ಚೂಕಮ್ಮಿ ಅಲ್ಲೇ ಇತ್ತು. ಆಮೇಲೆ ತುದಿಯ ಡಬ್ಬಿಯ ತಳಕ್ಕೇ ಒಂದು ಉಂಡೆ ಒತ್ತಿದರು. ಪೀಕ್ ಮೇಲಕ್ಕೆ ಜಿಗಿಯಿತು. ‘ಎಲ್ಲ ಡಬ್ಬಿ ಒಂದೇ ಥರ ಇರೋವರೆಗೂ, ಪೀಕನ್ನು ಗ್ಯಾಪ್ ನಡುವೆ ಹಿಡಿದಿಡೋ ನಿಮ್ಮ ಸಿಮೆಟ್ರಿ ಕಾಯುತ್ತೆ. ಒಂದು ಡಬ್ಬಿ ಕೆಟ್ಟರೆ ಅದರ ಕಾವಲು ಮುಗೀತು. ಬಿಸಿಲು ಎಲ್ಲಾ ಡಬ್ಬಿಗೂ ಒಂದೇ, ಅದಕ್ಕೇ ಸ್ಟೇಟ್ ಉಳೀತು. ಇದನ್ನೆಲ್ಲ ಯಾಕೆ ಬರೆದಿಲ್ಲ?’ ಅಂದರು. ಬರೆದಿರಲಿಲ್ಲ, ನಿಜ. ಟೆಂಪ್ಲೇಟ್‌ನಲ್ಲಿ ‘ಲಿಮಿಟೇಷನ್ಸ್’ ಅನ್ನೋ ಚಾಪ್ಟರೇ ಇಲ್ಲ.

ಹುಡುಗಿಗೆ ಒಳ್ಳೇ ಮಾರ್ಕ್ಸ್ ಬಂತು. ಈಗ ಪ್ರತಿ ರೀಡಿಂಗ್ ಪಕ್ಕ ಟೆಂಪರೇಚರ್ ಕಾಲಂ ಕಡ್ಡಾಯ ಮಾಡಿದ್ದೇನೆ. ಲ್ಯಾಬ್‌ಗೆ ಒಂದು ಥರ್ಮಾಮೀಟರ್ ಬೇಕು ಅಂತ ಇಂಡೆಂಟ್ ಹಾಕಿದ್ದೆ. ಮೂರು ಕೊಟೇಷನ್ ಕೇಳಿದ್ದಾರೆ.