25 ದಾಟಿದ ಮೇಲೆ

ಬೆಳಿಗ್ಗೆ ಲಲಿತಮಹಲ್ ರಸ್ತೆ ಖಾಲಿ ಇತ್ತು. ಎಲೆಕ್ಟ್ರಿಕ್ ಸೈಕಲ್ಲನ್ನು ಜೋರಾಗಿ ತುಳಿದೆ.
ವೇಗದ ಮೀಟರ್ ಗಂಟೆಗೆ 25 ಕಿ.ಮೀ. ದಾಟಿತು. ಆ ವೇಗ ಮೀರಿದರೆ ತಳ್ಳುವುದನ್ನು ಬಿಡುವ ಮೋಟಾರಿನ ಸದ್ದು ನಿಂತಿತು. ತಕ್ಷಣ ಯಾರೋ ಕ್ಯಾರಿಯರ್ ಹಿಡಿದು ಹಿಂದಕ್ಕೆಳೆದ ಹಾಗಾಯಿತು.

ಮೋಟಾರೇ ತಡೆಯುತ್ತಿದೆ ಅಂದುಕೊಂಡೆ. ಮನೆಗೆ ಬಂದು ಹಿಂದಿನ ಚಕ್ರ ಎತ್ತಿ, ಕೈಯಲ್ಲಿ ಮುಂದಕ್ಕೆ ತಿರುಗಿಸಿದೆ. ಎಷ್ಟು ಸಲೀಸು! ನನ್ನದು ಒಳಗೆ ಗೇರ್ ಇರುವ ಹಬ್ ಮೋಟಾರು, ಅಂದರೆ ಚಕ್ರದ ನಡುವೆಯೇ ಕೂತ ಮೋಟಾರು. ಅದರ ಕ್ಲಚ್ಚು ಚಕ್ರವನ್ನು ಬಿಟ್ಟುಕೊಡುತ್ತದೆ. ಗೇರೂ ಕ್ಲಚ್ಚೂ ಇಲ್ಲದ ಡೈರೆಕ್ಟ್ ಡ್ರೈವ್ ಮೋಟಾರು ಆಗಿದ್ದರೆ ಅಯಸ್ಕಾಂತದ ಎಳೆತ ನಿಜವಾಗಿಯೂ ಇರುತ್ತಿತ್ತು.

ಹಾಗಾದರೆ ನನ್ನನ್ನು ಯಾರೂ ಎಳೆಯಲಿಲ್ಲ. ತಳ್ಳುತ್ತಿದ್ದ ಕೈ ನಿಂತಿತು, ಎದುರುಗಾಳಿ ಪೂರ್ತಿ ನನ್ನ ಕಾಲಿಗೇ ಬಂತು, ಅಷ್ಟೇ.

ಅಪ್ಪ ಸೈಕಲ್ ಕಲಿಸುವಾಗ ಸೀಟು ಹಿಡಿದು ಹಿಂದೆ ಓಡಿ ಬರುತ್ತಿದ್ದರು. ಕೈ ಬಿಟ್ಟ ದಿನವೂ ಪೆಡಲ್ ಹೀಗೇ ಭಾರವಾಗಿತ್ತು ಅಲ್ವಾ ಅನ್ನಿಸಿತು.

ಚಕ್ರ ಇನ್ನೂ ತಿರುಗುತ್ತಿತ್ತು. ಸುಮ್ನೆ ನೋಡುತ್ತಾ ಕೂತೆ.