ಕುಂಡದಲ್ಲಿ ತಾನಾಗೇ ಬಂದ ಗೋಣಿಸೊಪ್ಪು

ಗುಲಾಬಿ ಕುಂಡದ ತುಂಬ ಗೋಣಿಸೊಪ್ಪು ಹಬ್ಬಿಕೊಂಡಿದೆ. ಕೆಂಪು ದಂಟು, ದಪ್ಪ ದಪ್ಪ ಪುಟ್ಟ ಎಲೆ. ಪಕ್ಕದ ಮನೆಯವರು ಕಳೆ ಅಂತ ಕಿತ್ತು ಎಸೆಯುತ್ತಾರೆ. ಆದರೆ ಎಸೆದ ದಂಟು ಒದ್ದೆ ಮಣ್ಣಿಗೆ ತಾಗಿದರೆ ಸಾಕು, ಮತ್ತೆ ಬೇರು ಬಿಡುತ್ತದೆ. ಬಿಸಿಲಿಗೆ ಅರಳುವ ಹಳದಿ ಹೂವು ಕೆಲವೇ ಗಂಟೆಯಲ್ಲಿ ಮುದುಡುತ್ತದೆ. ಆಮೇಲೆ ಕಾಯಿ ಡಬ್ಬಿಯ ಮುಚ್ಚಳ ತೆಗೆದ ಹಾಗೆ ಬಿಚ್ಚಿಕೊಂಡು ಕಪ್ಪು ಬೀಜ ಚೆಲ್ಲುತ್ತದೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು.

ನನಗೆ ಜಾಸ್ತಿ ಇಷ್ಟವಾಗುವುದು ಅದರ ಹುಳಿ. ನೀರಿಲ್ಲದೆ ಒಣಗುವ ದಿನಗಳಲ್ಲಿ ಈ ಗಿಡ ಹಗಲು ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಅದನ್ನು ಆಮ್ಲವಾಗಿ ಕೂಡಿಡುತ್ತದೆ. ಹಾಗಾಗಿ ಬರಗಾಲದ ಎಲೆ ಬೆಳಗ್ಗೆ ಹುಳಿ, ಸಂಜೆಗೆ ಸಪ್ಪೆ. ಎಷ್ಟು ಜಾಣ ಗಿಡ ಅಲ್ವಾ? ನೀರು ಸಿಗದಿದ್ದರೆ ಉಸಿರಾಡುವ ಹೊತ್ತನ್ನೇ ಬದಲಿಸಿಕೊಳ್ಳುತ್ತದೆ!

ದೇಹಕ್ಕೆ ಬೇಕಾದ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಇಷ್ಟಿರುವ ಸೊಪ್ಪು ಕಡಿಮೆ. ಇದನ್ನು ಸುಮ್ನೆ ಬಿಸಾಡಲು ನನಗಂತೂ ಮನಸ್ಸು ಬರುವುದಿಲ್ಲ. ತೊಗರಿಬೇಳೆ ಜೊತೆ ಮಸ್ಸೊಪ್ಪು ಮಾಡಿ, ಬಿಸಿ ಮುದ್ದೆಗೆ ಹಾಕಿಕೊಂಡು ತಿನ್ನಿ. ಹುಣಸೆಹಣ್ಣು ಕಡಿಮೆ ಸಾಕು. ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ಅಂಶ ಜಾಸ್ತಿ ಇರುವುದರಿಂದ ಕಿಡ್ನಿ ಕಲ್ಲಿನ ತೊಂದರೆ ಇದ್ದವರು ದೂರವಿರುವುದು ಒಳ್ಳೆಯದು. ಇನ್ನೊಂದು ಮಾತು, ದಂಟು ಮುರಿದಾಗ ಬಿಳಿ ಹಾಲು ಬಂದರೆ ಅದು ಗೋಣಿಸೊಪ್ಪಲ್ಲ, ತಿನ್ನಬೇಡಿ.